ತಣ್ಣಗಾಗುವವರೆಗೆ ಏನೂ ಬೆರೆಸಬೇಡಿ

ಮಾರ್ಚ್ 9

ಬುಗುರಿಗೆ,

ನಿನ್ನ ಅಪ್ಪ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ. ಬೇಡವೆಂದರೆ ಮುಂದಿನ ಸಲ ಬಿಟ್ಟುಬಿಡುತ್ತೇನೆ. ಹಾಸ್ಟೆಲಿನಲ್ಲಿ ಫೋನು ಕೊಡುವುದಿಲ್ಲ, ಕಾಗದ ಮಾತ್ರ ಕೊಡುತ್ತಾರೆ ಎಂದು ಅವರು ಹೇಳಿದರು. ಅವರಿಗೆ ಬರೆಯಲು ಬರುವುದಿಲ್ಲ ಎಂದಲ್ಲ. ಲಿಫ್ಟ್ ರಿಪೇರಿಯ ಕೆಲಸ, ಕೂತು ಬರೆಯುವಷ್ಟು ಹೊತ್ತು ಈ ಊರಿನ ಯಾವ ಲಿಫ್ಟೂ ಕೆಡದೆ ಇರುವುದಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ನೀನು ಹೋದ ಮೇಲೆ ಇಲ್ಲಿ ಸೆಕೆ ಒಂದೇ ಸಮನೆ ಏರಿದೆ. ನಿನ್ನ ಕೋಣೆಯ ಗೋಡೆಗೆ ಮಧ್ಯಾಹ್ನದಿಂದ ಸಂಜೆಯವರೆಗೂ ಬಿಸಿಲು. ಕೈಯಿಟ್ಟರೆ ಬಾಣಲೆ ಮುಟ್ಟಿದ ಹಾಗಿರುತ್ತದೆ. ನಿನ್ನೆ ಕಸ ಗುಡಿಸಲು ಹೋದಾಗ ಕಿಟಕಿಯ ಕಟ್ಟೆಯ ಮೇಲೆ ನೀನು ಅಂಟು ಕಲಸಿ ಮಾಡಿಟ್ಟ, ಹಿಗ್ಗಿಸಿ ಆಡುವ ಸ್ಲೈಮಿನ ಮೂರು ಡಬ್ಬಿಗಳನ್ನು ನೋಡಿದೆ. ನೀಲಿಯದು ಕರಗಿ, ಮುಚ್ಚಳದ ಸಂದಿಯಿಂದ ಹೊರಬಿದ್ದು, ಕಟ್ಟೆಯಿಂದ ಇಳಿದು ನಿನ್ನ ಭೂಗೋಳದ ಪುಸ್ತಕದ ಮೇಲೆ ಆರಾಮವಾಗಿ ಮಲಗಿದೆ. ಬಿಳಿಯದು ಗಂಜಿಯಂತಾಗಿದೆ. ಮಣಿ ಹಾಕಿದ್ದು ಡಬ್ಬಿಯಲ್ಲೇ ಇದೆ, ಆದರೆ ಮಣಿಗಳೆಲ್ಲ ತಳ ಸೇರಿವೆ.

ಎತ್ತಿ ಬಿಸಾಕು, ಬಂದ ಮೇಲೆ ಬೇರೆ ಮಾಡಿಕೊಳ್ಳುತ್ತಾಳೆ ಎಂದರು ನಿನ್ನ ಅಪ್ಪ. ನನಗೆ ಮನಸ್ಸು ಬರಲಿಲ್ಲ. ನಾನು ನಿನ್ನ ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ, ನಿನ್ನ ವಸ್ತುವನ್ನು ನಿನ್ನನ್ನು ಕೇಳದೆ ಎಸೆಯಲು ನಾನು ಯಾರು? ಏನು ಮಾಡಲಿ, ಬರೆ.

ಸಹಿಯ ಜಾಗದಲ್ಲಿ ಏನು ಬರೆಯುವುದೋ ತೋಚಲಿಲ್ಲ. ಗೆಳತಿಯರ ಹತ್ತಿರ ನೀನು ನನ್ನನ್ನು ಏನೆನ್ನುತ್ತೀಯೋ ಅದನ್ನೇ ಬರೆದಿದ್ದೇನೆ.

ಇತಿ,
ಕನ್ನಡಕದಂಗಡಿಯವಳು


ಮಾರ್ಚ್ 18

ನಿಮಗೆ,

ಎಸೆಯಬೇಡಿ.

ಮೊದಲು ಕೈ ತೊಳೆದುಕೊಳ್ಳಿ. ಕೈ ಕೊಳೆಯಿದ್ದರೆ ಸ್ಲೈಮ್ ಹಾಳಾಗುತ್ತದೆ. ಪುಸ್ತಕದ ಮೇಲಿದ್ದದ್ದನ್ನು ಚಮಚದಲ್ಲಿ ಎತ್ತಿ ಡಬ್ಬಿಗೆ ಹಾಕಿ. ಕಿಟಕಿಯ ಹತ್ತಿರ ಇಡಬೇಡಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಬೇಡ. ಅಲ್ಲಿ ಕಲ್ಲಾಗುತ್ತದೆ, ಆಮೇಲೆ ನೀರು ಬೇರೆ, ಅಂಟು ಬೇರೆ. ಡಬ್ಬಿ ಮುಚ್ಚುವ ಮೊದಲು ಸ್ಲೈಮಿಗೆ ತಾಗುವ ಹಾಗೆ ಒಂದು ಪ್ಲಾಸ್ಟಿಕ್ ಹಾಳೆ ಒತ್ತಿ, ಗಾಳಿ ಹೋಗಬಾರದು. ಅಷ್ಟಾದರೂ ಕೈಗೆ ಮೆತ್ತಿಕೊಂಡರೆ ಮಾತ್ರ ಲೆನ್ಸ್ ಸೊಲ್ಯೂಷನ್ ಹಾಕಬೇಕು. ನಿಮ್ಮ ಅಂಗಡಿಯಲ್ಲೇ ಸಿಗುತ್ತದಲ್ಲ, ಕಣ್ಣಿನ ಲೆನ್ಸ್ ತೊಳೆಯುವುದು. ನಾನು ಅದನ್ನೇ ಹಾಕಿ ಮಾಡಿದ್ದು. ಅಪ್ಪ ತಂದುಕೊಟ್ಟಿದ್ದರು.

ಬುಗುರಿ ಅಂತ ಅಪ್ಪ ಮಾತ್ರ ಕರೆಯುತ್ತಾರೆ.


ಮಾರ್ಚ್ 30

ಮಗುವಿಗೆ,

ಒಂದು ಎಡವಟ್ಟಾಗಿದೆ. ನೀನು ಹೇಳಿದ್ದೆಲ್ಲ ಮಾಡಿದೆ, ಆದರೆ ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿದೆ. ಅಂಗಡಿಯಿಂದ ಬಂದವಳೇ, ಡಬ್ಬಿ ಇನ್ನೂ ಬೆಚ್ಚಗಿರುವಾಗಲೇ, ನೀಲಿಯದು ಕೈಗೆ ಮೆತ್ತುತ್ತದೆಂದು ಸೊಲ್ಯೂಷನ್ ಸುರಿದೆ. ಆಗ ಚೆನ್ನಾಗಿಯೇ ಕಂಡಿತು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಚಪ್ಪಲಿಯ ಅಟ್ಟೆಯ ಹಾಗೆ ಬಿಗಿದುಕೊಂಡಿದೆ. ಎಳೆದರೆ ಪಟ್ಟನೆ ಹರಿಯುತ್ತದೆ. ಉಳಿಸುವ ದಾರಿ ಇದೆಯೇ?

ಬಿಳಿಯದರ ಅಂಚಿನಲ್ಲಿ ಕಪ್ಪು ಚುಕ್ಕೆ ಬಂದಿವೆ, ವಾಸನೆಯೂ ಇದೆ. ಅದಕ್ಕೇನು ಮಾಡಲಿ?

ನಿನ್ನ ಅಪ್ಪನ ಸುದ್ದಿ ಕೇಳು. ಮೊನ್ನೆ ಕೆಲಸ ಮುಗಿಸಿ ಹಸಿದು ಬಂದವರು ಫ್ರಿಜ್ ತೆರೆದು, ಮಣಿಯ ಡಬ್ಬಿಯನ್ನು ಯಾವುದೋ ಸಿಹಿ ತಿಂಡಿ ಎಂದುಕೊಂಡು ಚಮಚ ಹಾಕಿದ್ದಾರೆ. ಬಾಯಿಗೆ ಇಡುವಷ್ಟರಲ್ಲಿ ನಾನು ನೋಡಿದೆ. ಮಣಿ ಕಂಡರೂ ಅನುಮಾನ ಬರಲಿಲ್ಲವೇ ಎಂದರೆ, ನೀನು ಅಡುಗೆಯಲ್ಲಿ ಏನೇನೋ ಹಾಕುತ್ತೀಯ, ಇದೂ ಇರಬಹುದು ಎಂದುಕೊಂಡರಂತೆ.

ಸಂಜೆ ಈ ಮನೆಯಲ್ಲಿ ಕೂತಲ್ಲಿ ಕೂರಲು ಆಗುವುದಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿರುತ್ತೇನೆ. ಈಚೆಗೆ ಆ ಮಣಿಯ ಸ್ಲೈಮನ್ನು ಕೈಯಲ್ಲಿ ಹಿಡಿದು ತಿರುಗುತ್ತೇನೆ. ಕೇಳದೆ ಮುಟ್ಟಿದೆ, ಬೈಯಬೇಡ. ಕೈ ತೊಳೆದೇ ಮುಟ್ಟಿದ್ದು.

ಇತಿ,
ಕನ್ನಡಕದಂಗಡಿಯವಳು


ಏಪ್ರಿಲ್ 10

ನಿಮಗೆ,

ಬೆಚ್ಚಗಿರುವಾಗ ಎಲ್ಲ ಸ್ಲೈಮೂ ಮೆತ್ತಗೆ, ಅಂಟಂಟಾಗಿಯೇ ಇರುತ್ತದೆ. ಅದು ಕೆಟ್ಟಿದೆ ಅಂತ ಅಲ್ಲ, ಬೆಚ್ಚಗಿದೆ ಅಂತ. ನೀವು ಆಗಲೇ ಸೊಲ್ಯೂಷನ್ ಸುರಿದರೆ, ತಣ್ಣಗಾದಾಗ ಎರಡೂ ಸೇರಿ ರಬ್ಬರ್ ಆಗುತ್ತದೆ. ತಣ್ಣಗಾಗುವವರೆಗೆ ಏನೂ ಬೆರೆಸಬೇಡಿ. ಆಮೇಲೂ ಸುರಿಯಬಾರದು, ಒಂದೊಂದೇ ಹನಿ.

ನೀಲಿಯದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ. ಕುದಿಯುವ ನೀರು ಬೇಡ. ತೆಗೆದು, ಕೈಗೆ ಹಚ್ಚುವ ಕ್ರೀಮ್ ಒಂಚೂರು ಹಾಕಿ ನಾದಿ. ಮೊದಲು ಚೂರುಚೂರಾಗುತ್ತದೆ. ಬಿಡಬೇಡಿ, ಮತ್ತೆ ಕೂಡಿಕೊಳ್ಳುತ್ತದೆ. ಬಿಳಿಯದಕ್ಕೆ ಬೂಸಲು ಬಂದಿದೆ. ಅದನ್ನು ಉಳಿಸಲಾಗುವುದಿಲ್ಲ, ಎಸೆಯಿರಿ. ಡಬ್ಬಿಯನ್ನೂ ಎಸೆಯಿರಿ.

ಇಲ್ಲಿ ಉಲ್ಟಾ. ಈ ಊರಲ್ಲಿ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಮನೆಯಿಂದ ಕದ್ದುಮುಚ್ಚಿ ತಂದ ಹಸಿರು ಸ್ಲೈಮ್ ಬೆಳಗ್ಗೆ ಸೀಮೆಸುಣ್ಣದ ಹಾಗೆ ಮುರಿಯುತ್ತದೆ. ಹೊದಿಕೆಯೊಳಗೆ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತೇನೆ, ಆಗ ಸರಿಯಾಗುತ್ತದೆ. ಪಕ್ಕದ ಮಂಚದವಳು ಬಿಕ್ಕಳಿಕೆ ಶಬ್ದ ಬರುತ್ತೆ ಅಂತ ದೂರು ಕೊಟ್ಟಿದ್ದಾಳೆ. ಅದು ಸ್ಲೈಮಿನ ಶಬ್ದ.

ಪಾಠದಲ್ಲಿ ಕಾಲು ಅಲ್ಲಾಡಿಸುತ್ತೇನೆ ಅಂತ ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದ್ದಾರೆ. ಪರವಾಗಿಲ್ಲ. ಜುಲೈ ರಜೆಗೆ ಅಮ್ಮ ಬಂದು ಕರೆದುಕೊಂಡು ಹೋಗುತ್ತಾಳೆ. ಆಮೇಲೆ ನಾನು ಅಲ್ಲೇ ಓದುವುದು. ಅಮ್ಮನ ಹೊಸ ಮನೆಯಲ್ಲಿ ನನಗೆ ಜಾಗ ಮಾಡುತ್ತೇನೆ ಅಂತ ಅವಳೇ ಹೇಳಿದ್ದು. ನಾನು ಆಗಲೇ ಪೆಟ್ಟಿಗೆ ಕಟ್ಟಿದ್ದೇನೆ. ದಿನಾ ಬೆಳಗ್ಗೆ ಬಟ್ಟೆ ತೆಗೆಯುವುದು, ಸಂಜೆ ಮತ್ತೆ ಇಡುವುದು.

ಒಂದು ಸಣ್ಣ ಬಾಟಲಿ ಸೊಲ್ಯೂಷನ್ ಕಳಿಸುತ್ತೀರಾ? ಮಣಿಯದನ್ನು ಮುಟ್ಟಿದರೆ ಪರವಾಗಿಲ್ಲ.


ಏಪ್ರಿಲ್ 24

ಮಗುವಿಗೆ,

ಬಾಟಲಿಯನ್ನು ಸಾಕ್ಸಿನೊಳಗೆ ಸುತ್ತಿ ಕಳಿಸಿದ್ದೇನೆ. ಸಾಕ್ಸನ್ನೂ ಹಾಕಿಕೋ.

ನೀಲಿಯದು ಬದುಕಿತು. ಎರಡು ಸಂಜೆ ನಾದಿದೆ. ಮೊದಲ ಸಂಜೆ ಹಾಳಾದದ್ದು ಬರೀ ಪುಡಿಪುಡಿ, ಸಿಟ್ಟು ಬಂದು ಬಚ್ಚಲಿಗೆ ಹಾಕೋಣ ಎನಿಸಿತ್ತು. ಎರಡನೆಯ ಸಂಜೆ ಇದ್ದಕ್ಕಿದ್ದಂತೆ ಕೈಯಲ್ಲಿ ಉದ್ದಕ್ಕೆ ಜಾರಿತು. ನಾನು ಕೂಗಿದ್ದಕ್ಕೆ ನಿನ್ನ ಅಪ್ಪ ಸ್ನಾನದಿಂದ ಸೋಪಿನ ನೊರೆಯಲ್ಲೇ ಓಡಿಬಂದರು.

ಬಿಳಿಯದನ್ನು ಎಸೆದೆ. ನಿನ್ನ ಅಮ್ಮ ಮೊನ್ನೆ ಫೋನು ಮಾಡಿದ್ದರು. ನಿನ್ನ ಅಪ್ಪ ಅಂಗಳಕ್ಕೆ ಹೋಗಿ ಮಾತಾಡಿದರು.

ದಿನಾ ಪೆಟ್ಟಿಗೆ ಕಟ್ಟಬೇಡ. ಬಟ್ಟೆ ಮಡಿಕೆ ಬೀಳುತ್ತದೆ. ಜುಲೈ ಇನ್ನೂ ದೂರವಿದೆ.

ಇತಿ,
ಕನ್ನಡಕದಂಗಡಿಯವಳು


ಮೇ 5

ನಿಮಗೆ,

ಪೆಟ್ಟಿಗೆ ಕಟ್ಟಬೇಡ ಅಂತ ಯಾಕೆ ಬರೆದಿರಿ? ಬಟ್ಟೆ ಮಡಿಕೆಯ ವಿಷಯ ಅಲ್ಲ ಅಂತ ನನಗೆ ಗೊತ್ತು. ಅಮ್ಮ ಫೋನಿನಲ್ಲಿ ಏನಂದಳು? ಅಪ್ಪ ಯಾಕೆ ಅಂಗಳಕ್ಕೆ ಹೋಗಿ ಮಾತಾಡಿದರು? ನಮ್ಮ ಮನೆಯಲ್ಲಿ ಯಾರಾದರೂ ಅಂಗಳಕ್ಕೆ ಹೋಗಿ ಮಾತಾಡಿದರೆ ಏನಾಗುತ್ತದೆ ಅಂತ ನಿಮಗಿಂತ ಮೊದಲಿನಿಂದ ನನಗೆ ಗೊತ್ತು.

ನಾನು ಅಮ್ಮನಿಗೆ ಮೂರು ಕಾಗದ ಬರೆದೆ. ಯಾವಾಗ ಬರುತ್ತೀಯ ಅಂತ ಮಾತ್ರ ಕೇಳಿದ್ದು. ಉತ್ತರದಲ್ಲಿ ಚೆನ್ನಾಗಿ ಊಟ ಮಾಡು, ಚೆನ್ನಾಗಿ ಓದು ಅಂತ ಬರೆಯುತ್ತಾಳೆ. ಯಾವಾಗ ಅಂತ ಬರೆಯುವುದಿಲ್ಲ.

ನೀವೂ ಹಾಗೇ ಮಾಡಬೇಡಿ. ಗೊತ್ತಿದ್ದರೆ ಹೇಳಿ. ಇಲ್ಲದಿದ್ದರೆ ಇನ್ನು ಮೇಲೆ ಸ್ಲೈಮ್ ಬಗ್ಗೆಯೂ ಬರೆಯಬೇಡಿ.


ಮೇ 12

ಮಗುವಿಗೆ,

ಇದನ್ನು ನಿನ್ನ ಅಪ್ಪ ಹೇಳಬೇಕಿತ್ತು. ನಾಳೆ ಬರೆಯುತ್ತೇನೆ, ಭಾನುವಾರ ಬರೆಯುತ್ತೇನೆ ಎನ್ನುತ್ತಲೇ ಇದ್ದಾರೆ. ನಿನ್ನ ಕಾಗದವನ್ನು ಅವರ ಮುಂದಿಟ್ಟೆ. ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು, ಮತ್ತೆ ಅಂಗಳಕ್ಕೆ ಹೋದರು. ಬಂದವರು, ನೀನೇ ಬರೆದುಬಿಡು, ನನ್ನಿಂದಾಗುವುದಿಲ್ಲ ಎಂದರು.

ಈ ವರ್ಷ ನಿನ್ನನ್ನು ಕರೆದುಕೊಂಡು ಹೋಗಲು ನಿನ್ನ ಅಮ್ಮನಿಗೆ ಆಗುವುದಿಲ್ಲ. ಅವರ ಮನೆಯಲ್ಲಿ ಇರುವುದು ಒಂದೇ ಕೋಣೆ. ಇನ್ನೊಂದು ಕಾರಣವೂ ಇದೆ. ಅದು ನಿನ್ನ ಅಮ್ಮನ ಬಾಯಿಂದಲೇ ನಿನಗೆ ತಿಳಿಯಬೇಕು, ನಾನು ಹೇಳಿದರೆ ತಪ್ಪಾಗುತ್ತದೆ. ಅವರು ನಿನ್ನನ್ನು ಬೇಡವೆನ್ನಲಿಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಅಂಗಳದ ಬಾಗಿಲಲ್ಲಿ ನಿಂತಿದ್ದ ನನಗೂ ಫೋನಿನಿಂದ ಅವರು ಅಳುವುದು ಕೇಳುತ್ತಿತ್ತು.

ರಜೆಗೆ ಇಲ್ಲಿಗೆ ಬಾ. ನಿನ್ನ ಮಂಚವನ್ನು ಬಿಸಿಲಿನ ಗೋಡೆಯಿಂದ ಈಚೆ ಎಳೆದಿದ್ದೇವೆ.

ಇತಿ,
ಕನ್ನಡಕದಂಗಡಿಯವಳು


ಜೂನ್ 3

ನಿಮಗೆ,

ಅಮ್ಮನ ಮನೆಯಿಂದ ಹಾಸ್ಟೆಲಿಗೆ ಬರುವವರೆಗೂ ಬಸ್ಸಿನಲ್ಲಿ ನಾನು ನಿಮ್ಮ ಜೊತೆ ಮಾತಾಡಲಿಲ್ಲ. ನೀವೂ ಏನೂ ಕೇಳಲಿಲ್ಲ. ನಡುವೆ ಒಂದು ಸಲ ನೀರಿನ ಬಾಟಲಿ ಕೊಟ್ಟಿರಿ, ಅಷ್ಟೇ. ವಾರ್ಡನ್ ಬೈಯಲು ಶುರು ಮಾಡಿದಾಗ ನೀವು, 'ತಪ್ಪು ನಮ್ಮದು. ಹೇಳೋದನ್ನ ಅರ್ಧ ಹೇಳಿ ಬಿಟ್ವಿ' ಅಂದಿರಿ. ಅದಕ್ಕೇ ಬರೆಯುತ್ತಿದ್ದೇನೆ. ನಾನೂ ಅರ್ಧ ಬಿಡಬಾರದು.

ಇನ್ನೊಂದು ಕಾರಣ ಇದೆ ಅಂತ ನೀವು ಬರೆದದ್ದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಅಮ್ಮನಿಗೆ ಕಾಯಿಲೆ ಅಂತ ಒಂದು ಸಲ ಅನ್ನಿಸುತ್ತಿತ್ತು, ನನ್ನ ಮೇಲೆ ಸಿಟ್ಟು ಅಂತ ಇನ್ನೊಂದು ಸಲ. ಶನಿವಾರ ನಮ್ಮನ್ನೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಚ್ಚಲಿಗೆ ಹೋಗಿ ಬರುತ್ತೇನೆ ಅಂತ ಹೇಳಿ ಹೊರಗೆ ಬಂದೆ. ಎದುರಿಗೇ ಬಸ್ ನಿಲ್ದಾಣ. ಅಮ್ಮನ ವಿಳಾಸ ನನಗೆ ಬಾಯಿಪಾಠ.

ಸೀಟು ಸಿಕ್ಕಿದ್ದು ಇಂಜಿನ್ ಪಕ್ಕದಲ್ಲಿ. ಹಸಿರು ಸ್ಲೈಮ್ ಸ್ಕರ್ಟಿನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿತ್ತು. ಬಸ್ಸು ಇಳಿಜಾರು ಇಳಿದ ಹಾಗೆ ಸೆಕೆ ಜಾಸ್ತಿಯಾಯಿತು, ಇಂಜಿನ್ ಕಾವು ಬೇರೆ. ಸ್ಲೈಮ್ ಕರಗಿ ಚೀಲದಿಂದ ಜೇಬಿಗೆ, ಜೇಬಿನಿಂದ ತೊಡೆಗೆ ಇಳಿಯಿತು. ಎದ್ದು ನಿಲ್ಲಲೂ ಆಗಲಿಲ್ಲ. ಪಕ್ಕದ ಅಜ್ಜಿ ಏನೋ ತಪ್ಪು ತಿಳಿದುಕೊಂಡು, ಪಾಪ ಅಂತ ಪೇಪರ್ ಕೊಟ್ಟು ಸುತ್ತಿಕೋ ಅಂದರು.

ಅಮ್ಮ ಬಾಗಿಲು ತೆರೆದಳು. ಅವಳ ಭುಜದ ಮೇಲೆ ಒಂದು ಮಗು. ಮಗು ನನ್ನನ್ನು ನೋಡಿತು, ಅಮ್ಮ ನನ್ನ ಸ್ಕರ್ಟ್ ನೋಡಿದಳು. 'ಒಬ್ಬಳೇ ಬಂದ್ಯಾ?' ಅಂದಳು. ನಾನು, 'ಇದು ಯಾರದು?' ಅಂದೆ. ಉತ್ತರ ಬೇಕಾಗಿರಲಿಲ್ಲ. ಆ ಮಗುವಿಗೆ ನನ್ನದೇ ಕಿವಿ.

ಹೇಳೋಣ ಹೇಳೋಣ ಅಂತಲೇ ಇದ್ದಳಂತೆ. ನೀನು ಸಿಟ್ಟಾಗುತ್ತೀಯ ಅಂತ ಹೆದರಿಕೆಯಂತೆ. ನನಗೆ ಆಗ ಸಿಟ್ಟೂ ಬರಲಿಲ್ಲ, ತೊಡೆ ಅಂಟಂಟಾಗಿತ್ತು ಅಷ್ಟೇ. ಅವಳು ಬಿಸಿನೀರು ಹಾಕಿ ಸ್ಕರ್ಟ್ ಉಜ್ಜಿದಳು. ಅದರಿಂದ ಇನ್ನಷ್ಟು ಹರಡಿತು. ಬಿಸಿನೀರು ಬೇಡ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಅಮ್ಮನ ಗಂಡ ನನಗೆ ಅಂತ ದಿಂಬು ತಂದರು, ಎಲ್ಲಿ ಇಡುವುದು ಅಂತ ಗೊತ್ತಾಗದೆ ಹಿಡಿದುಕೊಂಡೇ ನಿಂತರು. ನಿಜವಾಗಿಯೂ ಅಲ್ಲಿ ಜಾಗ ಇರಲಿಲ್ಲ. ಮಂಚ, ತೊಟ್ಟಿಲು, ಹೊಲಿಗೆ ಯಂತ್ರ, ಬಟ್ಟೆಯ ಹಗ್ಗ. ನಾನು ಮಲಗಿದಾಗ ಕಾಲು ಅಡುಗೆಮನೆಯಲ್ಲಿತ್ತು.

ಬೆಳಗ್ಗೆ ನೀವು ಬಂದಾಗ ನಾನು ಮಗುವನ್ನು ಎತ್ತಿಕೊಂಡಿದ್ದೆ. ಅದು ನನ್ನ ಮೇಲೆ ಹಾಲು ಕಕ್ಕಿತು. ನಾನು ಒಳಗೆ ಒರೆಸಿಕೊಳ್ಳುತ್ತಿದ್ದೆ, ನೀವಿಬ್ಬರೂ ಅಡುಗೆಮನೆಯಲ್ಲಿ ಸ್ಕರ್ಟ್ ಇಟ್ಟುಕೊಂಡು ಕೂತಿದ್ದಿರಿ. ನನಗೆ ಕೇಳುವುದಿಲ್ಲ ಅಂದುಕೊಂಡಿದ್ದಿರಿ. ಎಲ್ಲ ಕೇಳಿಸಿತು.

ನೀವು ಐಸ್ ಕೇಳಿದಿರಿ.

ಅಮ್ಮ, 'ಐಸ್ ಯಾಕೆ? ಬಿಸಿನೀರಲ್ಲೇ ಬಿಡ್ಲಿಲ್ಲ' ಅಂದಳು.

'ತಣ್ಣಗಾದ್ರೆ ಗಟ್ಟಿಯಾಗುತ್ತೆ. ಗಟ್ಟಿಯಾದ್ಮೇಲೆ ಮೆಲ್ಲಗೆ ಕೀಳಬಹುದು' ಅಂದಿರಿ ನೀವು. 'ಕಾವಿಗೆ ಕರಗುತ್ತೆ, ತಂಪಿಗೆ ಬಿಗಿಯುತ್ತೆ. ನಂಗೂ ಗೊತ್ತಿರಲಿಲ್ಲ. ಅವಳೇ ಬರೆದಿದ್ದಳು.'

ಆಮೇಲೆ ಚಾಕು ಕೆರೆಯುವ ಶಬ್ದ ಕೇಳಿಸಿತು.

'ನಿಮಗೆ ಕಾಗದ ಬರೀತಾಳಾ?' ಅಂತ ಅಮ್ಮ ಕೇಳಿದಳು.

'ಸ್ಲೈಮ್ ಬಗ್ಗೆ.'

'ನಂಗೆ ಬರೀ ಯಾವಾಗ ಬರ್ತೀಯ ಅಂತ ಬರೀತಾಳೆ' ಅಂದಳು ಅಮ್ಮ. 'ಏನು ತಿಂದೆ, ಯಾರ ಜೊತೆ ಜಗಳ ಆಡ್ದೆ, ಒಂದೂ ಇರಲ್ಲ.'

ನಾನು ಬಾಗಿಲ ಸಂದಿಯಿಂದ ನೋಡಿದೆ. ಅಮ್ಮ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದಳು, ನೀವು ಐಸ್ ಒತ್ತುತ್ತಿದ್ದಿರಿ. ಇಬ್ಬರ ತಲೆಯೂ ತಾಗುವಷ್ಟು ಹತ್ತಿರ ಇತ್ತು. ಕೊನೆಗೆ ಉಳಿದ ಕಲೆಗೆ ಅಮ್ಮ ವಿನಿಗರ್ ತಂದಳು. ಅದು ನನಗೂ ಗೊತ್ತಿರಲಿಲ್ಲ. ಸ್ಕರ್ಟ್ ಪೂರ್ತಿ ಹೋಯಿತು ಅಂದುಕೊಂಡಿದ್ದೆ. ಈಗ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಮಗುವಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತು. ಹೇಳದೇ ಇದ್ದದ್ದು ಸರಿಯೋ ತಪ್ಪೋ ಅಂತ ಯೋಚನೆ ಮಾಡುತ್ತಿದ್ದೇನೆ. ಇನ್ನೂ ಗೊತ್ತಾಗಿಲ್ಲ.

ಬುಗುರಿ


ಜೂನ್ 15

ಬುಗುರಿಗೆ,

ನನಗೂ ಗೊತ್ತಾಗಿಲ್ಲ. ನಿನ್ನ ಅಮ್ಮನ ಮಾತನ್ನು ನಾನು ಕದಿಯಬಾರದು ಎಂದುಕೊಂಡೆ. ಆದರೆ ಬಾಗಿಲು ತೆರೆದಾಗ ನೀನು ನೋಡಿದ್ದನ್ನು ನೆನೆದರೆ, ಕದ್ದಿದ್ದರೇ ಒಳ್ಳೆಯದಿತ್ತೇನೋ ಎನಿಸುತ್ತದೆ.

ಆ ಶನಿವಾರದ ನನ್ನ ಪಾಡನ್ನೂ ಕೇಳು. ಹಾಸ್ಟೆಲಿನಿಂದ ಫೋನು ಬಂದಾಗ ನಾನು ಅಂಗಡಿಯಲ್ಲಿ ಒಬ್ಬ ಗಿರಾಕಿಯ ಮೂಗಿಗೆ ಫ್ರೇಮ್ ಕೂರಿಸುತ್ತಿದ್ದೆ. ಅದನ್ನು ಹಾಗೇ ಅವರ ಮೂಗಿನ ಮೇಲೆ ಬಿಟ್ಟು ಓಡಿದೆ. ನಿನ್ನ ಅಪ್ಪ ಯಾವುದೋ ಆಸ್ಪತ್ರೆಯ ಲಿಫ್ಟಿನ ಗುಂಡಿಯೊಳಗಿದ್ದರು, ಫೋನು ಸಿಗಲಿಲ್ಲ. ನಿನ್ನ ಅಮ್ಮ ಫೋನು ಮಾಡಿ ಇಲ್ಲಿದ್ದಾಳೆ ಎನ್ನುವವರೆಗೂ ನಾನು ಬಸ್ ನಿಲ್ದಾಣದಲ್ಲಿ ಬಂದ ಬಂದ ಬಸ್ಸನ್ನೆಲ್ಲ ಹತ್ತಿ ಇಳಿದೆ. ಕಂಡಕ್ಟರುಗಳಿಗೆ ನಿನ್ನ ಗುರುತು ಹೇಳಲು ಹೋದರೆ, ಕಾಲು ಸುಮ್ಮನಿರದ ಹುಡುಗಿ ಎನ್ನುವುದು ಬಿಟ್ಟು ಏನೂ ಬಾಯಿಗೆ ಬರಲಿಲ್ಲ. ಒಬ್ಬರು, ನಮ್ಮ ಬಸ್ಸಿನಲ್ಲಿ ಎಲ್ಲ ಮಕ್ಕಳೂ ಹಾಗೇ ಎಂದರು.

ನಿನ್ನ ಅಪ್ಪ ಬಂದವರು ಸುದ್ದಿ ಕೇಳಿ ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತರು. ನಾನು ಹೋಗುತ್ತೇನೆ ಎಂದರು. ಬೇಡ, ನೀವು ಹೋದರೆ ಇಬ್ಬರೂ ಅಂಗಳದಲ್ಲಿ ನಿಂತು ಮಾತಾಡುತ್ತೀರಿ, ಬುಗುರಿ ಒಳಗೆ ಒಂಟಿಯಾಗುತ್ತಾಳೆ ಎಂದೆ. ಸಿಟ್ಟಾದರು. ಆಮೇಲೆ ತಾವೇ ನನಗೆ ಬಸ್ಸಿನ ಸಮಯ ವಿಚಾರಿಸಿಕೊಂಡು ಬಂದರು. ಈಗ ಅವರು ನಿನಗೆ ಎರಡು ಮಾತು ಹೇಳಿ ಕಳಿಸಿದ್ದಾರೆ. ಒಂದು, ಹಾಸ್ಟೆಲ್ ಬೇಡವೆಂದರೆ ಇಲ್ಲಿಯ ಶಾಲೆಗೆ ಸೇರಿಸುತ್ತಾರೆ, ನಿರ್ಧಾರ ನಿನ್ನದು. ಎರಡು, ಇನ್ನು ಈ ಮನೆಯ ಫೋನಿನ ಮಾತೆಲ್ಲ ಹಜಾರದಲ್ಲೇ.

ಅಂದು ನಾವು ಹೊರಟಾಗ ನೀನು ಮುಂದೆ ಮುಂದೆ ನಡೆದೆ. ನಿನ್ನ ಅಮ್ಮ ಬೀದಿಯ ತಿರುವಿನವರೆಗೂ ನನ್ನ ಜೊತೆ ಬಂದರು. 'ನಿದ್ದೇಲಿ ಇನ್ನೂ ಕಾಲು ಆಡಿಸ್ತಾಳಾ?' ಎಂದು ಕೇಳಿದರು. ನಾನು ಹೂಂ ಎಂದುಬಿಟ್ಟೆ. ಆಮೇಲೆ ಬಸ್ಸಿನಲ್ಲಿ ನಿನ್ನ ಪಕ್ಕ ಕೂತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಇಲ್ಲಿದ್ದಷ್ಟು ದಿನ ನೀನು ಕೋಣೆಯ ಬಾಗಿಲು ಹಾಕಿಕೊಂಡೇ ಮಲಗುತ್ತಿದ್ದೆ, ನೀನು ಮಲಗಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ನಿನ್ನ ಅಮ್ಮನಿಗೂ ಬರೆ. ಯಾವಾಗ ಎಂದು ಕೇಳಬೇಡ. ಯಾರ ಜೊತೆ ಜಗಳ ಆಡಿದೆ ಎಂದು ಬರೆ.

ಇತಿ,
ಕನ್ನಡಕದಂಗಡಿಯವಳು


ಜುಲೈ 8

ಚಿಕ್ಕಮ್ಮನಿಗೆ,

ಬೇರೆ ಏನು ಕರೆಯುವುದು ಅಂತ ಗೊತ್ತಾಗಲಿಲ್ಲ. ಕನ್ನಡಕದಂಗಡಿಯವರು ಅಂತ ಪ್ರತಿಸಲ ಬರೆಯುವುದು ಉದ್ದವಾಗುತ್ತದೆ.

ಅಮ್ಮನಿಗೆ ಬರೆದೆ. ಪಕ್ಕದ ಮಂಚದವಳ ಜೊತೆ ಆಡಿದ ಜಗಳ ಪೂರ್ತಿ ಬರೆದೆ, ಎರಡೂವರೆ ಹಾಳೆ ಆಯಿತು. ಈ ಸಲ ಅಮ್ಮನ ಉತ್ತರದಲ್ಲಿ ಊಟ ಮಾಡು, ಓದು ಅಂತ ಇರಲಿಲ್ಲ. ಅವಳು ಚಿಕ್ಕವಳಿದ್ದಾಗ ಯಾರಿಗೋ ಕಚ್ಚಿದ್ದಳಂತೆ, ಅದನ್ನು ಬರೆದಿದ್ದಾಳೆ. ರಜೆಯಲ್ಲಿ ಎರಡು ದಿನಕ್ಕೆ ಬಾ, ಮಂಚದ ಮೇಲೆ ನೀನು ಮಲಗು, ನಾವು ಕೆಳಗೆ ಮಲಗುತ್ತೇವೆ ಅಂದಿದ್ದಾಳೆ. ಹೋಗಿ ಬರುತ್ತೇನೆ. ಆ ಮಗು ನನ್ನ ಮೇಲೆ ಮತ್ತೆ ಕಕ್ಕಿದರೆ ಒಂದು ದಿನದಲ್ಲೇ ವಾಪಸ್.

ಶಾಲೆಯ ವಿಷಯ ಇನ್ನೂ ನಿರ್ಧಾರ ಮಾಡಿಲ್ಲ. ಒಂದು ದಿನ ಇಲ್ಲೇ ಇರೋಣ ಅನ್ನಿಸುತ್ತದೆ, ಇನ್ನೊಂದು ದಿನ ಈ ಕ್ಷಣವೇ ಓಡಿಬರೋಣ ಅನ್ನಿಸುತ್ತದೆ. ಅಪ್ಪನನ್ನು ಅವಸರ ಮಾಡಬೇಡಿ ಅಂತ ಹೇಳಿ. ನನಗೆ ಇನ್ನೂ ಸಿಟ್ಟಿದೆ. ಯಾರ ಮೇಲೆ ಅಂತ ಸರಿಯಾಗಿ ಗೊತ್ತಾಗುತ್ತಿಲ್ಲ. ಮೊದಲು ನಿಮ್ಮ ಮೇಲೆ ಅಂತ ಗೊತ್ತಿತ್ತು, ಆಗ ಸುಲಭ ಇತ್ತು.

ಹಸಿರು ಸ್ಲೈಮ್ ಹೋದದ್ದಕ್ಕೆ ಬೇರೆ ಮಾಡಿದೆ. ಇಲ್ಲಿಯ ಚಳಿಗೆ ಸೊಲ್ಯೂಷನ್ ಕಡಿಮೆ ಹಾಕಿದೆ, ಬೆಳಗ್ಗೆಯೂ ಮೆತ್ತಗೇ ಇರುತ್ತದೆ. ಪಕ್ಕದ ಮಂಚದವಳೂ ಒಂದು ತುಂಡು ಕೇಳಿದಳು. ಕೊಟ್ಟೆ. ಈಗ ಇಬ್ಬರ ಹೊದಿಕೆಯಿಂದಲೂ ಬಿಕ್ಕಳಿಕೆ ಬರುತ್ತದೆ.

ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಅಪ್ಪ ಬಂದರೂ ಸರಿ, ನೀವು ಬಂದರೂ ಸರಿ. ಆದರೆ ದಾರಿಯಲ್ಲಿ ಏನೂ ಕೇಳಬೇಡಿ. ಊಟ ಆದ ಮೇಲೆ ನಾನೇ ಹೇಳುತ್ತೇನೆ, ಹೇಳಬೇಕು ಅನ್ನಿಸಿದರೆ.

ನಿದ್ದೆಯಲ್ಲಿ ಕಾಲು ಆಡಿಸುತ್ತೇನೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ನೀವೇ ಬಂದು ನೋಡಿ. ನನ್ನ ಕೋಣೆಯ ಬಾಗಿಲು ಹಾಕಿರುವುದಿಲ್ಲ.

ಬುಗುರಿ